ಐತಾರದ ಮೂವತ್ತು ಕುರ್ಚಿಗಳು

ಕಳೆದ ಬೇಸಿಗೆಯ ಒಂದು ಮಂಗಳವಾರ, ಬೆಳಗಿನ ಹತ್ತೂವರೆಗೆ, ನಾನು ಬಳಗಾನೂರಿನ ಒಂದು ತಗಡಿನ ಮನೆಯ ಹೊಸ್ತಿಲ ಹೊರಗೆ ನಿಂತಿದ್ದೆ. ಕೈಯಲ್ಲಿ ಸಮೀಕ್ಷೆಯ ಟ್ಯಾಬ್ ಇತ್ತು. ಎದುರಿನ ಕಿರಾಣಿ ಅಂಗಡಿಯವನು ಬಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅಲ್ಲಿಂದ ಒಳಗಿನ ಮೂರು ಗೋಡೆಗಳು ಕಾಣುತ್ತಿದ್ದವು.

ಕೆಲಸ ಹೊರದೇಶದ ಸಂಶೋಧಕರದು. ಜಗತ್ತಿನಲ್ಲಿ ಕ್ರೈಸ್ತರು ಎಲ್ಲೆಲ್ಲಿ ಹೇಗೆ ಬದುಕಿದ್ದಾರೆ, ಯಾರಿಗೆ ಎಷ್ಟಿದೆ, ಯಾರಿಗೆ ಏನೂ ಇಲ್ಲ ಎಂದು ಎಲ್ಲ ದೇಶಗಳ ಅಂಕಿಅಂಶ ಕೂಡಿಸಿ ನೋಡುವುದು. ನಿವೃತ್ತ ಮಾಸ್ತರನಾದ ನನಗೆ ಸಿಂಧನೂರು, ಮಸ್ಕಿ ಕಡೆಯ ಮನೆಗಳು ಬಂದಿದ್ದವು. ಇದೇ ಪಟ್ಟಿ ನೋಡಿ ಇಲ್ಲಿನ ಒಂದು ಸಂಸ್ಥೆ ತೀರ ಬಡವರ ಮನೆಗೆ ಹೊಸ ಚಾವಣಿ ಹಾಕಿಸುತ್ತದೆ ಎಂದು ಹೇಳಿದ್ದರು. ಅದನ್ನು ಆ ಮನೆಯಾಕೆಗೂ ಹೇಳಿದೆ. ಆಕೆ ಗದ್ದೆ ಕೂಲಿಯವಳು. ತಲೆಯ ಮೇಲಿನ ತಗಡಿನ ತೂತುಗಳಿಂದ ಬಿಸಿಲು ಕಾಣುತ್ತಿತ್ತು.

ಹಿಂದಿನ ಗೋಡೆಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಎಣಿಸಿದೆ, ಮೂವತ್ತು.

"ಅವು ನಮ್ಮವಲ್ರೀ ಅಣ್ಣಾ. ಐತಾರ ಪ್ರಾರ್ಥನಿಗೆ ಮಂದಿ ಬರ್ತಾರ, ಅವರವು. ಚರ್ಚಿನ ಗುಡಿ ಇನ್ನಾ ಕಟ್ಟಿಲ್ಲ. ಇಲ್ಲೇ ಇಟ್ಟೀವಿ," ಎಂದಳು ಆ ಮನೆಯಾಕೆ.

ಮನೆಯೊಳಗೆ ಕಂಡದ್ದನ್ನು ಎಣಿಸಿ, ಯಾರದೆಂದು ಕೇಳಬೇಡಿ ಎಂಬುದು ನಮಗೆ ಕಲಿಸಿದ ನಿಯಮ. ಮೂವತ್ತು ಎಂದು ಒತ್ತಿದೆ.

ಬರೀ ನೆಲದ ಮೇಲೆ ಅಕ್ಕಿ ಆರಿಸುತ್ತಿದ್ದ ಆಕೆಯ ಅತ್ತೆ ತಲೆ ಎತ್ತಿದಳು. "ಮೂವತ್ತು ಕುರ್ಚಿ ಇದ್ದಾಕಿ ನೆಲದ ಮ್ಯಾಲ ಯಾಕ ಕುಂತಾಳ ಅಂತ ಬರಕೊಳ್ಳಾಕ ಅದ್ರಾಗ ಜಾಗ ಐತೇನಪ್ಪಾ?"

"ಇಲ್ಲಮ್ಮಾ."

"ಹಂಗಾರ ಎಂಥಾ ಓದಿದ ಮಂದಿ ಮಾಡ್ಯಾರೋ ಅದನ್ನ."

ಮೂರು ತಿಂಗಳಿಗೆ ಪಟ್ಟಿ ಬಂತು. ಮೂವತ್ತು ಕುರ್ಚಿಯ ಲೆಕ್ಕದಿಂದ ಆ ಮನೆ ಅನುಕೂಲಸ್ಥರ ಸಾಲಿನಲ್ಲಿತ್ತು, ಚಾವಣಿ ಇಲ್ಲ. ಬಸ್ಸು ಹತ್ತಿ ಲಿಂಗಸುಗೂರಿನ ಸಮೀಕ್ಷೆಯ ಕಚೇರಿಗೆ ಹೋದೆ. ಅಲ್ಲಿನ ಮೇಲ್ವಿಚಾರಕ ನನ್ನ ಮಗನ ವಯಸ್ಸಿನವನು.

"ಕಳಿಸಿದ್ದು ತಿದ್ದಾಕ ಬರಂಗಿಲ್ರೀ ಮಾಸ್ತರ. ಒಂದ್ ಮನಿಯಿಂದ ಜಗತ್ತಿನ ಲೆಕ್ಕ ಏನ್ ಕೆಡತೈತಿ?"

"ಜಗತ್ತಿಂದು ಬಿಡ್ರಿ. ಆ ಮನಿದು ಕೆಟ್ಟೈತಿ."

"ಅರ್ಜಿ ಕೊಟ್ಟು ಹೋಗ್ರಿ."

ಕೊಟ್ಟೆ. ಸಿಗಲಿಲ್ಲ ಎಂದರು. ಮತ್ತೆ ಕೊಟ್ಟೆ. ಇಂಗ್ಲಿಷಿನಲ್ಲಿ ಬೇಕು ಎಂದರು. ಇಂಗ್ಲಿಷಿನಲ್ಲಿ ಕೊಟ್ಟೆ. ಕುರ್ಚಿ ಆಕೆಯದಲ್ಲ ಎಂಬುದಕ್ಕೆ ಪುರಾವೆ ಏನು ಎಂದು ಕೇಳಿದರು. ಆಕೆಯದೇ ಎಂಬುದಕ್ಕೆ ಯಾರೂ ಪುರಾವೆ ಕೇಳಿರಲಿಲ್ಲ.

ಮಳೆಗಾಲದಲ್ಲಿ ಒಮ್ಮೆ ಆ ಮನೆಗೆ ಹೋದೆ. ನೆಲದ ತುಂಬ ಪಾತ್ರೆ ಇಟ್ಟಿದ್ದರು. ಇದ್ದ ಒಂದೇ ತಾಡಪತ್ರಿಯನ್ನು ಕುರ್ಚಿಗಳಿಗೆ ಹೊದಿಸಿದ್ದರು. ಮಂದಿಯ ವಸ್ತು, ತೊಯ್ಯಬಾರದಂತೆ. ನನ್ನನ್ನು ಮಾತ್ರ ಅವುಗಳಲ್ಲೊಂದನ್ನು ಎಳೆದು ಅದರ ಮೇಲೆ ಕೂರಿಸಿದರು. ಕುಳಿತೆ. ಆ ಮುಜುಗರ ಇನ್ನೂ ಹೋಗಿಲ್ಲ.

ನಾಲ್ಕನೆಯ ಅರ್ಜಿ ನಿನ್ನೆ ಬರೆದೆ. ತಪ್ಪು ಒತ್ತಿದ ಬೆರಳು ನನ್ನದೇ ಎಂದೂ ಬರೆದಿದ್ದೇನೆ. ಸಾಕ್ಷಿಗೆ, ಆ ಮಂಗಳವಾರ ಅಲ್ಲಿದ್ದು ಕಂಡವರು: ಆ ಮನೆಯಾಕೆ, ನೆಲದ ಮೇಲಿದ್ದ ಆಕೆಯ ಅತ್ತೆ, ಪ್ರತಿ ಶನಿವಾರ ಸಂಜೆ ಆ ಕುರ್ಚಿಗಳನ್ನು ಒರೆಸಲು ಬರುವ ಎದುರಿನ ಕಿರಾಣಿ ಅಂಗಡಿಯವನು. ಮೂವರೂ ಇದ್ದಾರೆ. ಹೋಗಿ ಕೇಳಬಹುದು.