ಅಮಾನತ್ತಿನ ಅಂಗಿಗಳು

ಟೈಲರ್ ಸಾಬರ ಬಲಗಾಲು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಮಷಿನ್ನಿನ ಮುಂದೆ ಸರಿ, ಅದು ಪೆಡಲ್ ತುಳಿಯುವ ಕಾಲು. ಆದರೆ ಹೋಟೆಲಿನ ಬೆಂಚಿನ ಮೇಲೆ ಟೀ ಕುಡಿಯುವಾಗಲೂ, ಸಕಲೇಶಪುರದಲ್ಲಿ ಮಗಳ ಮದುವೆಯ ದಿನ ಬೀಗರ ಎದುರು ಕೂತಿದ್ದಾಗಲೂ ಅದು ಹವಾಯಿ ಚಪ್ಪಲಿಯ ಸಮೇತ ಕುಣಿಯುತ್ತಲೇ ಇತ್ತು. "ಸಾಬ್ರೇ, ನನ್ ಬೆಂಚಿಗೂ ಹೊಲಿಗೆ ಹಾಕ್ತಿದ್ದೀರಾ?" ಎಂದು ಹೋಟೆಲ್ ಗೌಡರು ರೇಗಿಸುತ್ತಿದ್ದರು. ಸಾಬರು ನಕ್ಕು ಕಾಲನ್ನು ಒಂದು ಗಳಿಗೆ ಹಿಡಿದಿಟ್ಟು, ಮತ್ತೆ ಬಿಟ್ಟುಬಿಡುತ್ತಿದ್ದರು.

ಪಾಳ್ಯದ ಕಡೆಯಿಂದ ಮಗ್ಗೆಯ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿ ಒಂದು ಗುಡ್ಡದ ಮೇಲೆ ಮಿಲಿಟರಿ ಕ್ಯಾಂಪಿತ್ತು. ಅದರ ಗೇಟಿನ ಎದುರು, ಅದನ್ನೇ ನಂಬಿಕೊಂಡು ಎದ್ದ ಅಂಗಡಿಸಾಲು ನಮ್ಮದು. ಕಂಡಕ್ಟರುಗಳು ಕ್ಯಾಂಪ್ ಗೇಟ್ ಎಂದು ಕೂಗಿದ್ದೇ ನಮ್ಮೂರಿನ ಹೆಸರಾಯಿತು. ಗೌಡರ ಹೋಟೆಲಿನಲ್ಲಿ ಜವಾನರಿಗಾಗಿ ರೊಟ್ಟಿ, ದಾಲು. ಪಕ್ಕದಲ್ಲಿ ಸಲೂನು, ಲಾಂಡ್ರಿ, ಕೋಳಿ ಅಂಗಡಿ. ನನ್ನ ಗಂಡ ಗೂಡ್ಸ್ ಆಟೋದಲ್ಲಿ ಆಲೂರಿನಿಂದ ಕ್ಯಾಂಪಿಗೆ ತರಕಾರಿ ಸಾಗಿಸುತ್ತಿದ್ದ. ನಾನು ಸಾಬರ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದೆ. ಹಸಿರು ಅಂಗಿ, ಹಸಿರು ದಾರ. ಊರಿನ ಹೆಂಗಸರ ರವಿಕೆಯ ಒಳಹೊಲಿಗೆಯೂ ಹಸಿರೇ, ಬೇರೆ ಬಣ್ಣದ ದಾರವನ್ನು ಸಾಬರು ಇಟ್ಟಿರಲೇ ಇಲ್ಲ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಕ್ಯಾಂಪು ಎತ್ತಿಬಿಟ್ಟರು. ಲಾರಿಗಳು ಸಾಲಾಗಿ ಗುಡ್ಡ ಇಳಿದು ಹೋದವು. ಬಟ್ಟೆ ಹೊಲಿಯಲು ಕೊಟ್ಟಿದ್ದವರಿಗೆ ಬಂದು ಒಯ್ಯಲೂ ಪುರುಸೊತ್ತಾಗಲಿಲ್ಲ. ಹೊಲಿದು ಮುಗಿದ ಅಂಗಿ, ಪ್ಯಾಂಟುಗಳು ಅಂಗಡಿಯ ಹಿಂದಿನ ಸರಳಿನಲ್ಲಿ ಒತ್ತೊತ್ತಾಗಿ ತೂಗುತ್ತ ಉಳಿದವು. ಸಾಬರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಅಷ್ಟನ್ನೂ ಇಳಿಸಿ, ಧೂಳು ಕೊಡವಿ, ಮತ್ತೆ ಇಸ್ತ್ರಿ ಮಾಡಿ ತೂಗುಹಾಕುತ್ತಿದ್ದರು.

"ಯಾರಿಗೆ ಸಾಬ್ರೇ ಇದೆಲ್ಲ?" ಎಂದು ಕೇಳಿದರೆ ಒಂದೇ ಉತ್ತರ. "ಅಮಾನತ್ತು ಕಣಮ್ಮ. ನಂಬಿ ಕೊಟ್ಟವ್ರೆ. ಬಂದು ಕೇಳೋಗಂಟ ಜೋಪಾನವಾಗಿ ಇಟ್ಕೋಬೇಕು."

ಬರುತ್ತಾರೆ ಎಂದು ನಂಬಿದವರು ಅವರೊಬ್ಬರೇ ಅಲ್ಲ. ಇಡೀ ಸಾಲೇ ನಂಬಿಕೊಂಡು ಕೂತಿತ್ತು. "ಮುಂದಿನ ತಿಂಗ್ಳು ಬೇರೆ ಪಡೆ ಬತ್ತದಂತೆ ಕಣ್ರೀ" ಎಂದು ಗೌಡರು ದಿನಾ ಯಾರ ಬಾಯಿಂದಲೋ ಕೇಳಿಕೊಂಡು ಬರುತ್ತಿದ್ದರು. ಸಲೂನಿನವನು ಕನ್ನಡಿ ಒರೆಸಿ ಒರೆಸಿ ಬೇಸತ್ತು ಬೇಲೂರಿಗೆ ಹೋದ. ನನ್ನ ಗಂಡ ಆಟೋವನ್ನು ನೆರಳಿಗೆ ಹಾಕಿ ಇಸ್ಪೀಟು ಕಲಿತ. ಒಂದು ಸಂಜೆ ಕಾಡಾನೆಯೊಂದು ಕ್ಯಾಂಪಿನ ಗೇಟು ಮುರಿದು ಒಳಗೆ ಹೋಯಿತು. "ಬಂತು ನೋಡಿ ನಿಮ್ಮ ಬೇರೆ ಪಡೆ" ಎಂದು ನಾನೇ ಗೌಡರನ್ನು ಹಂಗಿಸಿದೆ. ಯಾರೂ ನಗಲಿಲ್ಲ.

ಸಾಬರ ಕಾಲಿಗೆ ಹೊಸ ಚಾಳಿ ಹತ್ತಿದ್ದು ಆಗಲೇ. ಬಸ್ಸು ನಿಂತ ಸದ್ದಾದರೆ ಕಾಲು ತಟ್ಟನೆ ನಿಲ್ಲುತ್ತಿತ್ತು. ಕತ್ತು ಚಾಚಿ, ಯಾರು ಇಳಿದರೆಂದು ನೋಡುತ್ತಿದ್ದರು. ಇಳಿದದ್ದು ಹಾಲಿನ ಕ್ಯಾನು ಹಿಡಿದ ನಮ್ಮವರೇ ಎಂದು ಗೊತ್ತಾದ ಮೇಲೆ ಕಾಲು ಮತ್ತೆ ಕುಣಿಯಲು ಶುರು. ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸವಿದೆ, ಆಟೋ ಮಾರಿ ಹೊರಟುಬಿಡೋಣ ಎಂದು ಗಂಡನ ತಲೆ ತಿನ್ನುತ್ತಿದ್ದೆ.

ಕಾಫಿ ಕುಯ್ಲು ಹತ್ತಿರ ಬಂದಾಗ ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳು ಹರಿದ ಗೊಬ್ಬರದ ಚೀಲ ಹಿಡಿದುಕೊಂಡು ಅಂಗಡಿಗೆ ಬಂದಳು. ಹಣ್ಣು ಕುಯ್ಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ಅದು. ಹೊಲಿಯಲು ಅದರಲ್ಲಿ ಗಟ್ಟಿ ಜಾಗವೇ ಉಳಿದಿರಲಿಲ್ಲ. ಅವಳ ಕಣ್ಣು ಸರಳಿನ ಮೇಲೆ ಬಿತ್ತು.

"ಆ ಬಟ್ಟೇಲಿ ಹೊಲ್ಕೊಡಿ ಸಾಬ್ರೇ. ಕಡ್ಡಿ ಚುಚ್ಚಿದ್ರೂ ಹರಿಯಲ್ಲ ಅದು. ನಮ್ ಲೈನಿನೋರೆಲ್ಲ ತಗೋತೀವಿ."

"ಅದು ಕೊಡೋ ಹಂಗಿಲ್ಲ ಕಣಮ್ಮ. ಅಮಾನತ್ತು."

ಅವಳು ಬರಿಗೈಲಿ ಹೋದಳು. ಅಷ್ಟು ದಿನದ ಸಿಟ್ಟೆಲ್ಲ ನನಗೆ ನೆತ್ತಿಗೇರಿತು.

"ಅಮಾನತ್ತು, ಅಮಾನತ್ತು ಅಂತೀರಲ್ಲ ಸಾಬ್ರೇ, ಕನ್ನಡ ಪೇಪರ್‌ನಲ್ಲಿ ಹಂಗಂದ್ರೆ ಏನು ಗೊತ್ತಾ? ಕೆಲ್ಸದಿಂದ ತೆಗೆದೂ ಹಾಕಲ್ಲ, ಕೆಲ್ಸಾನೂ ಕೊಡಲ್ಲ. ಸುಮ್ನೆ ಕೂರಿಸ್ತಾರೆ. ಅಮಾನತ್ತಾಗಿರೋದು ಆ ಅಂಗಿಗಳಲ್ಲ, ನಾವು. ನಾನಂತೂ ಸೋಮವಾರ ಹಾಸನಕ್ಕೆ ಹೊಂಟೆ."

ಅವರು ಓದುತ್ತಿದ್ದದ್ದು ಉರ್ದು ಪೇಪರು. "ಹಂಗಾ?" ಎಂದರು, ಅಷ್ಟೆ. ಬಸ್ಸು ಯಾವುದೂ ಬಂದಿರಲಿಲ್ಲ. ಆದರೂ ಕಾಲು ನಿಂತಿತ್ತು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೊದಲ ಅಂಗಿ ಮೇಜಿನ ಮೇಲಿತ್ತು. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ನೂಲು ನೂಲಾಗಿ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದರು. ಗುಂಡಿಗಳನ್ನು ಬೇರೆ ತೆಗೆದಿಟ್ಟಿದ್ದರು. ಕತ್ತರಿ ಹಿಡಿದು, ಹೊಸ ಬಟ್ಟೆ ಕತ್ತರಿಸುವಾಗ ಹೇಳುವಂತೆಯೇ ಬಿಸ್ಮಿಲ್ಲಾ ಎಂದರು. ಗೌಡರು ಟೀ ಲೋಟ ಹಿಡಿದೇ ಓಡಿಬಂದರು.

"ಏನ್ ಮಾಡ್ತಿದ್ದೀರಿ ಸಾಬ್ರೇ? ನಾಳೆ ಬಂದ್ಬುಟ್ರೆ?"

"ಬರಲ್ಲ ಗೌಡ್ರೇ."

ಆ ಸಾಲಿನಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದವರು ಅವರೇ ಮೊದಲು. ಗೌಡರು ಟೀ ಲೋಟವನ್ನು ಸಾಬರ ಮೇಜಿನ ಮೇಲಿಟ್ಟು ವಾಪಸು ಹೋದರು. ಮಧ್ಯಾಹ್ನ ನೋಡಿದರೆ ಹೋಟೆಲಿನ ರೊಟ್ಟಿ ಬೋರ್ಡು ಇಳಿದಿತ್ತು, ಮುದ್ದೆ ಬೇಯುತ್ತಿತ್ತು. ನಾನು ಸೋಮವಾರ ಹಾಸನಕ್ಕೆ ಹೋಗಲಿಲ್ಲ. ಮೇಜಿನ ಮೇಲೆ ಅಷ್ಟು ಹೊಲಿಗೆ ಬಿದ್ದಿರುವಾಗ ಹೇಗೆ ಹೋಗಲಿ?

ಅಂಗಿಯ ಜೇಬನ್ನು ಸಾಬರು ಚೀಲದ ಮೇಲೆ ಹಾಗೆಯೇ ಉಳಿಸಿದ್ದರು. ಹೆಂಗಸರು ಅದರಲ್ಲಿ ಎಲೆ ಅಡಿಕೆ, ಮೊಬೈಲು ಇಟ್ಟುಕೊಂಡರು. ಮಿಲ್ಟ್ರಿ ಚೀಲ ಎಂಬ ಹೆಸರು ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಹಬ್ಬಿತು. ಅಂಗಿಗಳು ಮುಗಿದ ಮೇಲೆ ಸಕಲೇಶಪುರದಿಂದ ಕ್ಯಾನ್ವಾಸ್ ತರಿಸಿದೆವು. ಲಾಂಡ್ರಿಯವನ ಹೆಂಡತಿ ಹೊಲಿಗೆ ಕಲಿತಳು. ನನ್ನ ಗಂಡನ ಆಟೋ ಚೀಲದ ಮೂಟೆ ಹೊತ್ತು ಮತ್ತೆ ರಸ್ತೆಗಿಳಿಯಿತು. ಕ್ಯಾಂಪಿನ ಪರೇಡ್ ಮೈದಾನ ಕೊನೆಗೆ ಪಂಚಾಯಿತಿಗೆ ಬಂತು, ಈಗ ಅದರ ಸಿಮೆಂಟಿನ ಮೇಲೆ ಸಣ್ಣ ಬೆಳೆಗಾರರ ಕಾಫಿ ಒಣಗುತ್ತದೆ. ಎಲ್ಲ ನೆಟ್ಟಗಾಯಿತು ಎಂದರೆ ಸುಳ್ಳಾದೀತು. ಸಲೂನು ಇಂದಿಗೂ ಬಾಗಿಲು ಹಾಕಿಯೇ ಇದೆ.

ಸಾಬರಿಗೆ ಮಾತ್ರ ಒಳಗೊಳಗೇ ಕೊರಗಿತ್ತು. ಚೆನ್ನಾಗಿ ಹೊಲಿದ ಚೀಲವನ್ನು ಮುಟ್ಟಿ ನೋಡಿ, "ಇದು ಯಾರ ಅಂಗಿನೋ" ಎನ್ನುತ್ತಿದ್ದರು. ಕಾಯಿಲೆ ಬಿದ್ದು ಸಕಲೇಶಪುರದ ಮಗಳ ಮನೆ ಸೇರಿದಾಗ ನೋಡಲು ಹೋದೆ. ಹೊದಿಕೆಯ ಕೆಳಗೆ ಆ ಕಾಲು ಅಲುಗುತ್ತಲೇ ಇತ್ತು. ಮಗಳಿಂದ ಬಿಸ್ಕತ್ತಿನ ಡಬ್ಬಿ ತರಿಸಿ ನನ್ನ ಮಡಿಲಿಗೆ ಹಾಕಿಸಿದರು. ಹೆಸರಿನ ಪಟ್ಟಿಗಳೆಲ್ಲ ಅದರಲ್ಲಿದ್ದವು.

"ಯಾರಾದ್ರೂ ಬಂದು ಕೇಳ್ಬುಟ್ರೆ ಅಳತೆ ತಗೊಂಡು ಹೊಸದು ಹೊಲ್ದು ಕೊಡು ತಂಗಿ. ಹಳೇದು ಏನಾಯ್ತು ಅಂತ ಕೇಳಿದ್ರೆ ನಿಜ ಹೇಳು. ಸುಳ್ಳು ಹೇಳ್ಬೇಡ."

"ಹೇಳ್ತೀನಿ ಸಾಬ್ರೇ. ಊರು ಸೊಂಟಕ್ಕೆ ಕಟ್ಕೊಂಡೈತೆ ಅಂತೀನಿ."

ಕಣ್ಣು ಮುಚ್ಚಿಕೊಂಡೇ ನಕ್ಕರು. ವಾರ ಕಳೆಯುವುದರೊಳಗೆ ಹೋಗಿಬಿಟ್ಟರು.

ಅವರ ಮಷಿನ್ನು ಈಗ ನನ್ನ ಹತ್ತಿರ ಇದೆ, ಡಬ್ಬಿಯೂ ಇದೆ. ಹಸಿರು ದಾರದ ಒಂದು ರೀಲನ್ನು ಬೇರೆ ಯಾವ ಹೊಲಿಗೆಗೂ ಮುಟ್ಟದೆ ಎತ್ತಿಟ್ಟಿದ್ದೇನೆ. ಇಲ್ಲಿಯವರೆಗೆ ಯಾರೂ ಬಂದಿಲ್ಲ. ಆದರೂ ಗೇಟಿನಲ್ಲಿ ಬಸ್ಸು ನಿಂತರೆ ನನ್ನ ಬಲಗಾಲು ಪೆಡಲಿನ ಮೇಲೆ ನಿಂತುಬಿಡುತ್ತದೆ. ಇಳಿದವರ ಮುಖ ನೋಡುವವರೆಗೆ ನನಗೂ ಸಮಾಧಾನವಿಲ್ಲ.