ನಾವು ಓದದೆ ಬಿಟ್ಟ ಟಿಕೆಟ್ ಪುಟ

ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ನನ್ನ ಕಣ್ಣೆದುರೇ, ನಮ್ಮ ಸಿಂಚನ ನಾಲ್ಕು ಇಂಚು ಕುಳ್ಳಾದಳು.

ಸುಳ್ಳಲ್ಲ. ಥೀಮ್ ಪಾರ್ಕಿನ ಟಿಕೆಟ್ ಕೌಂಟರಿನ ಪಕ್ಕದ ಗೋಡೆಯ ಮೇಲೆ ಅಳತೆಪಟ್ಟಿ ಬರೆದಿದ್ದರು. ಅದರ ಮುಂದೆ ಹೋಗಿ ನಿಲ್ಲುವವರೆಗೂ ಅವಳು ನನ್ನ ಮೂಗಿನವರೆಗೆ ಬರುತ್ತಿದ್ದಳು. ನಿಂತ ಮೇಲೆ ಭುಜದ ಹತ್ತಿರಕ್ಕೆ ಇಳಿದಿದ್ದಳು. ಅಗಲ ಕಾಲಿನ ಪಲಾಝೋ ಪ್ಯಾಂಟು ಹಾಕಿದ್ದರಿಂದ ಒಳಗೆ ಮಂಡಿ ಬಗ್ಗಿದ್ದು ಹೊರಗೆ ಕಾಣಲಿಲ್ಲ. ಮುಖದಲ್ಲೂ ಏನಿಲ್ಲ, ಬಸ್ಸಿಗೆ ಕಾಯುವವಳ ಹಾಗೆ ಎಲ್ಲೋ ನೋಡುತ್ತಿದ್ದಳು. ಕೌಂಟರಿನ ಯುವಕ ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಅವಳ ಕೈಗೆ ಹಳದಿ ಬ್ಯಾಂಡು ಕಟ್ಟಿದ. ಹಳದಿ ಎಂದರೆ ಚಿಕ್ಕ ಮಕ್ಕಳ ಟಿಕೆಟ್.

ನಾನೇನು ಮಾಡಿದೆ ಗೊತ್ತೇ? ಸುಮ್ಮನಿದ್ದೆ. ಟಿಕೆಟ್ ಕಮ್ಮಿಯಾಯಿತಲ್ಲ ಎಂದು ಒಳಗೊಳಗೇ ಸಣ್ಣ ಖುಷಿ ಬೇರೆ. (ಈಗಲೇ ಬೈಯಬೇಡಿ. ಬೈಯುವುದಕ್ಕೆ ಇನ್ನೂ ಇದೆ.)

ಸಿಂಚನ ನನ್ನ ತಮ್ಮನ ಮಗಳು. ಕಟ್ಟೆಮಳಲವಾಡಿಯಿಂದ ದಿನಾ ಬಸ್ಸಿನಲ್ಲಿ ಹುಣಸೂರಿಗೆ ಬಂದು ಏಳನೇ ಕ್ಲಾಸು ಓದುತ್ತಾಳೆ. ಸ್ಕೂಲು ಬಿಟ್ಟ ಮೇಲೆ ಬಸ್ಸು ಬರುವ ತನಕ ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿಯಲ್ಲಿ ಕೂತಿರುತ್ತಾಳೆ. ಕ್ಲಾಸಿಗೆಲ್ಲ ಕುಳ್ಳಿ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಒಂದನೇ ಕ್ಲಾಸಿನಿಂದಲೂ ಮೊದಲ ಜಾಗ ಇವಳದೇ. ಹೋದ ವರ್ಷ ಅವಳ ಕ್ಲಾಸಿನ ಹುಡುಗಿಯೊಬ್ಬಳು ಬೆಂಗಳೂರು ಕಡೆಯ ಥೀಮ್ ಪಾರ್ಕೊಂದಕ್ಕೆ ಹೋಗಿಬಂದಳು. ಅಲ್ಲಿನ ದೊಡ್ಡ ರೋಲರ್ ಕೋಸ್ಟರಿನ ಕಥೆಯನ್ನು ಒಂದು ವಾರ ಹೇಳಿದಳು. ಕೊನೆಗೆ ಇವಳ ಕಡೆ ತಿರುಗಿ, "ನಿನ್ನ ಅತ್ತಿಸ್ಕೊಳಲ್ಲ ಕಣೇ. ಅದ್ಕೆ ನೂರ ನಲವತ್ತು ಸೆಂಟಿಮೀಟರ್ ಇರ್ಬೇಕು" ಅಂದಳಂತೆ.

ಅವತ್ತಿನಿಂದ ಶುರುವಾಯಿತು. ತಿಂಗಳಿಗೊಮ್ಮೆ ತಮ್ಮನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು. ಅಮ್ಮನ ಕೈಲಿ ಇದ್ದಿಲಿನಿಂದ ಗೀಟು ಎಳೆಸುವುದು. ಆಮೇಲೆ ಟೈಲರ್ ಟೇಪು ಹಿಡಿದು ಅಳೆಯುವುದು. ಮೂರು ತಿಂಗಳು ಗೀಟಿನ ಮೇಲೆ ಗೀಟು ಬಿದ್ದು ಒಂದೇ ಗೀಟು ದಪ್ಪವಾಯಿತೇ ಹೊರತು ಹುಡುಗಿ ಮೇಲೇರಲಿಲ್ಲ. ಆ ದಿನಗಳಲ್ಲಿ ಅವಳು ಊಟ ಬಿಟ್ಟಿದ್ದೂ ಇದೆ, ಯಾರೋ ಹೇಳಿದರೆಂದು ಮಾವಿನ ಕೊಂಬೆಗೆ ಜೋತುಬಿದ್ದಿದ್ದೂ ಇದೆ. ಮೊನ್ನೆ ಡಿಸೆಂಬರಿನಲ್ಲಿ ಒಂದು ಸಂಜೆ ಫೋನ್ ಬಂತು. "ಅತ್ತೆ, ನೂರ ನಲವತ್ತೊಂದೂವರೆ." ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಆ ಮಗುವಿಗೆ ಥೀಮ್ ಪಾರ್ಕ್ ಅಂದರೆ ಆ ಒಂದೇ ಒಂದು ರೈಡು. ಉಳಿದದ್ದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ತಮ್ಮನಿಗೆ ಸೊಪ್ಪು ವಿಂಗಡಿಸಿ ಬೇಲು ಕಟ್ಟಿಸುವ ಕೆಲಸ. ಹಾಗಾಗಿ ಅವಳನ್ನೂ ಅವಳ ಅಮ್ಮ ಭಾಗ್ಯಳನ್ನೂ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನ ತಲೆಗೆ ಬಂತು. ನಾನೋ ಲೈಬ್ರರಿಯನ್. ಪುಸ್ತಕ ನೋಡದೆ ಉಪ್ಪಿಟ್ಟನ್ನೂ ಮಾಡದ ಜಾತಿ. ಯೂಟ್ಯೂಬ್ ನೋಡಿಕೊಂಡು ಹೋಗಿ ಎಂದು ಎಲ್ಲರೂ ಹೇಳಿದರು. ನೋಡಿದೆ. ಅದರಲ್ಲಿ ಎಲ್ಲರೂ ಕಿರುಚುತ್ತಾರೆ, ಯಾರೂ ವಿಷಯ ಹೇಳುವುದಿಲ್ಲ. ಸರಿ, ಗೈಡ್ ಪುಸ್ತಕ ಹುಡುಕಿ ಹೊರಟೆ.

ಸಿಕ್ಕಿದ್ದು ಮೂರು.

ಮೊದಲನೆಯದು ಇಂಗ್ಲಿಷಿನದು. ಮೈಸೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಇಟ್ಟಿಗೆಯಷ್ಟು ದಪ್ಪ. ಬಣ್ಣ ಬಣ್ಣದ ಮ್ಯಾಪು. ಮನೆಗೆ ತಂದು ನೋಡಿದರೆ ಎಲ್ಲವೂ ಅಮೆರಿಕದ ಪಾರ್ಕುಗಳು. ಮಗುವಿನ ತಳ್ಳುಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೇ ಎರಡು ಪುಟ. ನಮ್ಮ ಬಳಿ ತಳ್ಳುಗಾಡಿ ಎಲ್ಲಿಂದ ಬರಬೇಕು?

ಎರಡನೆಯದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಕನ್ನಡದ ಪುಸ್ತಿಕೆ. ಅದರಲ್ಲಿ ಪಾರ್ಕಿಗೆ ಅರ್ಧ ಪುಟ, ದಾರಿಯಲ್ಲಿ ಸಿಗುವ ದೇವಿ ಗುಡಿಗೆ ನಾಲ್ಕು ಪುಟ, ಕೊನೆಯಲ್ಲಿ ವಾರದ ರಾಹುಕಾಲ. ಆ ಅರ್ಧ ಪುಟದಲ್ಲೂ 'ನಯನಮನೋಹರ' ಎಂಬ ಪದ ಮೂರು ಸಲ ಬಂದಿತ್ತು.

ಮೂರನೆಯದು ಸ್ಪೈರಲ್ ಬೈಂಡಿಂಗಿನ ತೆಳ್ಳನೆಯ ಪುಸ್ತಕ. ಬೆಂಗಳೂರಿನ ಯಾರೋ ಇಬ್ಬರು ಮಕ್ಕಳ ತಾಯಿ ಆ ಪಾರ್ಕಿನ ಬಗ್ಗೆಯೇ ತಾನೇ ಬರೆದು, ತಾನೇ ಪ್ರಿಂಟು ಹಾಕಿಸಿದ್ದು. ಫೋಟೋ ಇಲ್ಲ, ಬಣ್ಣ ಇಲ್ಲ. ಕಾಗುಣಿತದ ತಪ್ಪು ಬೇಕಾದಷ್ಟು.

ಒಂದು ವಿಷಯ ಮಾತ್ರ ಮೂರರಲ್ಲೂ ಇತ್ತು. 'ಭೇಟಿಗೆ ಸೂಕ್ತ ಕಾಲ.' ಒಂದರಲ್ಲಿ ಅಕ್ಟೋಬರ್, ಇನ್ನೊಂದರಲ್ಲಿ ಚಳಿಗಾಲ, ಮತ್ತೊಂದರಲ್ಲಿ ಮಕ್ಕಳ ಪರೀಕ್ಷೆ ಮುಗಿದ ಮೇಲೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಸೂಕ್ತ ಕಾಲ ಒಂದೇ. ಹೊಗೆಸೊಪ್ಪು ಬೇಯಿಸಿ ಬ್ಯಾರನ್ ಬೆಂಕಿ ಆರಿದ ಮೇಲೆ. ಇದನ್ನು ಯಾವ ಗೈಡೂ ಬರೆಯುವುದಿಲ್ಲ.

ಯಾವುದನ್ನು ನಂಬುವುದು? ಮೂರನ್ನೂ ಎತ್ತಿಕೊಂಡು ಅಕ್ರಂ ಸಾಹೇಬರ ಅಂಗಡಿಗೆ ಹೋದೆ. ಅಕ್ರಂ ಸಾಹೇಬರು ನಮ್ಮ ಲೈಬ್ರರಿಗೆ ಬೈಂಡಿಂಗ್ ಮಾಡಿಕೊಡುವವರು. ಅಜ್ಜನ ಕಾಲದಿಂದ ಅದೇ ಕಸುಬು. ಅವರ ಕೈಯಲ್ಲಿ ಹಾದುಹೋದಷ್ಟು ಪುಸ್ತಕ ನಾನು ಕಣ್ಣಲ್ಲಿ ನೋಡಿಲ್ಲ. ಮೂರನ್ನೂ ತಿರುವಿ ಹಾಕಿದರು.

"ಗೈಡ್ ಬುಕ್ ತಗೊಂಡ್ರೆ ಮೊದ್ಲು ಟಾಯ್ಲೆಟ್ ಎಲ್ಲೈತೆ ಅಂತ ಬರ್ದಿದ್ದಾರಾ ನೋಡಿ ಮೇಡಂ" ಎಂದರು. "ಬರ್ದಿದ್ರೆ ಅಲ್ಲಿಗೆ ಓಗಿ ಬಂದವ್ರೆ ಅಂತ. ಇಲ್ದಿದ್ರೆ ಮನೇಲೇ ಕೂತು ಬರ್ದವ್ರೆ ಅಂತ."

ಇಪ್ಪತ್ತೆರಡು ವರ್ಷದಿಂದ ಪುಸ್ತಕ ಆರಿಸುವ ಕೆಲಸ ಮಾಡುತ್ತಿದ್ದೇನೆ, ಇಂಥ ಸರಳ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ಮೂರನೆಯ ಪುಸ್ತಕ ತೆಗೆದೆವು. ಯಾವ ಟಾಯ್ಲೆಟ್ಟಿನಲ್ಲಿ ನೀರು ಬರುತ್ತದೆ, ಯಾವುದರ ಚಿಲಕ ಮುರಿದಿದೆ ಎಂಬುದೂ ಅದರಲ್ಲಿತ್ತು. ಸಾಹೇಬರು ಅದರ ಸಡಿಲವಾಗಿದ್ದ ಸುರುಳಿಯನ್ನು ಬಿಗಿ ಮಾಡಿಕೊಟ್ಟು, "ಒಂದು ಟ್ರಿಪ್ಪಿಗೆ ಬಾಳ್ಕೆ ಬತ್ತದೆ" ಎಂದರು.

ಆಮೇಲೆ ಎರಡು ವಾರ ಕಟ್ಟೆಮಳಲವಾಡಿಯ ಮನೆಯಲ್ಲಿ ಅದರದೇ ಪಾರಾಯಣ. ಸಿಂಚನ ಜೋರಾಗಿ ಓದುವುದು, ಭಾಗ್ಯ ಅವರೆಕಾಯಿ ಬಿಡಿಸುತ್ತಾ ಕೇಳುವುದು. ಯಾವ ರೈಡಿಗೆ ಬೆಳಿಗ್ಗೆ ಹೋಗಬೇಕು, ಎಲ್ಲಿ ನೆರಳಿದೆ, ಬಟ್ಟೆ ಒದ್ದೆಯಾದರೆ ಎಲ್ಲಿ ಬದಲಾಯಿಸಬೇಕು, ಎಲ್ಲ ಬಾಯಿಪಾಠ. ಒಂದು ಪುಟ ಮಾತ್ರ ಬಿಟ್ಟೆವು. ಅದರ ಮೇಲೆ 'ಟಿಕೆಟ್ ಕೊಳ್ಳುವುದು' ಎಂದು ಬರೆದಿತ್ತು.

"ಟಿಕೆಟ್ ತಕೊಳಾದ ನಮ್ಗೆ ಯೋಳ್ಕೊಡ್ಬೇಕಾ? ಮುಂದ್ಕೆ ಓದು ಮಗಾ" ಅಂದಳು ಭಾಗ್ಯ. ನಾನೂ ನಕ್ಕೆ.

ಇನ್ನು ಭಾನುವಾರಕ್ಕೆ ಬರುತ್ತೇನೆ. ಹಳದಿ ಬ್ಯಾಂಡು ಕಟ್ಟಿಸಿಕೊಂಡು ಒಳಗೆ ಹೋದವರೇ, ಪುಸ್ತಕ ಹೇಳಿದಂತೆ ಬೇರೆ ಯಾವುದನ್ನೂ ನೋಡದೆ ದೊಡ್ಡ ರೋಲರ್ ಕೋಸ್ಟರಿನ ಸಾಲಿನಲ್ಲಿ ನಿಂತೆವು. ಒಂದು ಗಂಟೆಯ ಮೇಲೆ ನಿಂತೆವು. ತಲೆಯ ಮೇಲೆ ಆ ಬಂಡಿ ಹಾದುಹೋದಾಗಲೆಲ್ಲ ಸಿಂಚನ ನನ್ನ ಸೆರಗು ಹಿಡಿದು, "ಅತ್ತೆ, ಇನ್ನು ನಾಕು ಸಾಲು. ಅತ್ತೆ, ಇನ್ನು ಮೂರು" ಎನ್ನುತ್ತಿದ್ದಳು. ಕೊನೆಗೂ ಗೇಟು ಬಂತು. ಅಲ್ಲಿದ್ದ ಹುಡುಗಿ ಸಿಂಚನಳ ಕೈ ನೋಡಿ ಅಡ್ಡ ಸರಪಳಿ ಹಾಕಿದಳು.

"ಹಳದಿ ಬ್ಯಾಂಡಿಗೆ ಇದ್ರಲ್ಲಿ ಬಿಡಲ್ಲ ಪುಟ್ಟಾ. ಇದು ನೀಲಿಯವ್ರಿಗೆ."

"ಅಳತೆ ಮಾಡಿ ಮೇಡಂ. ನಾನು ನೂರ ನಲವತ್ತೊಂದೂವರೆ ಇದೀನಿ."

"ಇಲ್ಲಿ ಅಳೆಯಲ್ಲ. ಮೇನ್ ಗೇಟಲ್ಲೇ ಅಳೆದು ಬ್ಯಾಂಡ್ ಹಾಕಿರ್ತಾರಲ್ಲ."

 ಅಲ್ಲೇ ಚೀಲದಿಂದ ಪುಸ್ತಕ ತೆಗೆದು ನಾವು ಬಿಟ್ಟಿದ್ದ ಪುಟ ಬಿಚ್ಚಿದೆ. ಆ ಪುಣ್ಯಾತ್ಗಿತ್ತಿ ಕೆಳಗೆ ಗೆರೆ ಎಳೆದು ಬರೆದಿದ್ದಳು: 'ದಯವಿಟ್ಟು ಎತ್ತರದಲ್ಲಿ ಸುಳ್ಳು ಹೇಳಬೇಡಿ. ಹಳದಿ ಬ್ಯಾಂಡು ಕಟ್ಟಿಸಿಕೊಂಡರೆ ಮಗುವಿಗೆ ದೊಡ್ಡ ರೈಡು ಇಲ್ಲ.'  ಇಡೀ ಪುಸ್ತಕದಲ್ಲಿ ನಮಗಾಗಿಯೇ ಬರೆದ ಪುಟವೆಂದರೆ ಅದೊಂದೇ.

ಸಾಲಿನಿಂದ ಹೊರಗೆ ಬಂದೆವು. ಸಿಂಚನ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಭಾಗ್ಯಳಿಗೆ ಮಾತ್ರ ತಡೆಯಲಾಗಲಿಲ್ಲ.

"ವರ್ಸವೆಲ್ಲ ಬಾಗ್ಲಿಗೆ ನಿಂತು ಅಳತೆ ಅಳತೆ ಅಂತಿದ್ದೆ. ಅಲ್ಲಿ ಯಾಕೆ ಮಂಡಿ ಬಗ್ಸುದ್ದೆ ನೀನು?"

ಹುಡುಗಿ ನೆಲ ನೋಡುತ್ತಾ ಹೇಳಿದಳು. "ಅತ್ತೆ ಭುಜ ಒತ್ತುದ್ರು."

ನಾನಾ? ಯಾವಾಗ? ಸಾಧ್ಯವೇ ಇಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು. ಕೌಂಟರಿನ ಮುಂದೆ ಅವಳ ಪಕ್ಕದಲ್ಲೇ ನಿಂತಿದ್ದವಳು ನಾನೇ. ನನ್ನ ಬಲಗೈ ಅವಳ ಭುಜದ ಮೇಲಿತ್ತು. ಒತ್ತಿದ್ದೇನೆ. ನನಗೇ ಗೊತ್ತಿಲ್ಲದೆ ಒತ್ತಿದ್ದೇನೆ. ಓದುಗರೇ, ನನ್ನ ಕೈಯನ್ನು ನಾನೇ ನೋಡಿ ಬೆಚ್ಚಿದ್ದು ಅವತ್ತು.

ಆರೇಳು ವರ್ಷದವಳಿದ್ದಾಗಿನಿಂದ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಓಡಾಡಿದವಳು ನಾನು. ಕಂಡಕ್ಟರ್ ಹತ್ತಿರ ಬಂದ ಕೂಡಲೇ ಭುಜದ ಮೇಲೆ ಸಣ್ಣಗೆ ಒಂದು ಒತ್ತು. ಮಗು ಮಂಡಿ ಬಗ್ಗಿಸಿ ಕುಗ್ಗುತ್ತಿತ್ತು. "ಇನ್ನೂ ಆರು ತುಂಬಿಲ್ಲ ಸಾರ್." ಕಂಡಕ್ಟರ್ ಮುಂದೆ ಹೋದ ಮೇಲೆ ಮಗು ಏಳುತ್ತಿತ್ತು. ಬೇಕಾದರೆ ನಿಮ್ಮನ್ನೇ ಕೇಳುತ್ತೇನೆ. ಗಾವಡಗೆರೆಯಲ್ಲಿ ಬಸ್ ಹತ್ತುವಾಗ ಏಳು ವರ್ಷವಿದ್ದ ಮಗು ಒಳಗೆ ಐದಾಗಿ, ಇಳಿಯುವಾಗ ಮತ್ತೆ ಏಳಾಗುವುದನ್ನು ನೀವು ನೋಡಿಲ್ಲವೇ? ಕೆ.ಆರ್. ನಗರದ ದಾರಿಯಲ್ಲಿ, ಎಚ್.ಡಿ. ಕೋಟೆಯ ದಾರಿಯಲ್ಲಿ ನೀವು ಮಾಡಿಲ್ಲವೇ? ನಮ್ಮಲ್ಲಿ ಇದನ್ನು ತಪ್ಪು ಅಂತ ಯಾರೂ ಅಂದುಕೊಳ್ಳುವುದಿಲ್ಲ, ಸಂಸಾರ ತೂಗಿಸುವುದು ಅಂದುಕೊಳ್ಳುತ್ತೇವೆ.

ಈಗ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ದುಡ್ಡೇ ಇಲ್ಲ. ಕಂಡಕ್ಟರ್ ತಾನಾಗಿಯೇ ಫ್ರೀ ಟಿಕೆಟ್ ಕೊಡುತ್ತಾನೆ. (ಆ ಆದೇಶ ನನ್ನ ಬಲಗೈಗೆ ಇನ್ನೂ ತಲುಪಿಲ್ಲ.)

ಸರಿಪಡಿಸಲೇಬೇಕು ಎಂದು ಇಬ್ಬರನ್ನೂ ಎಳೆದುಕೊಂಡು ಮತ್ತೆ ಗೇಟಿನ ಕೌಂಟರಿಗೆ ಹೋದೆ. ಅದೇ ಯುವಕ ಕೂತಿದ್ದ. ಈಗಲಾದರೂ ನಿಜ ಹೇಳಬೇಕಿತ್ತು ತಾನೇ? ಪುಸ್ತಕದ ಒಂದು ಹಾಳೆ ಹರಿದರೂ ಕಾಲೇಜು ಹುಡುಗರ ಕೈಲಿ ಕ್ಷಮಾಪಣೆ ಪತ್ರ ಬರೆಸಿಕೊಳ್ಳುವ ನನ್ನ ಬಾಯಲ್ಲಿ ಬಂದ ಮಾತು ಕೇಳಿ.

"ನೀವು ಸರಿಯಾಗಿ ಅಳತೇನೇ ಮಾಡಿಲ್ಲ. ನೋಡದೇ ಹಳದಿ ಬ್ಯಾಂಡು ಹಾಕ್ಬಿಟ್ಟಿದ್ದೀರಿ. ಮಗೂಗೆ ರೈಡ್ ತಪ್ಪೋಯ್ತು."

ಯುವಕನ ಮುಖ ಬಿಳುಪೇರಿತು. ಹಿಂದೆ ಕೂತಿದ್ದ ಅವನ ಮೇಲಿನವರು ಕುರ್ಚಿಯಿಂದ ಎದ್ದರು. "ಏನಪ್ಪಾ, ಯಾವಾಗ್ಲೂ ಹಿಂಗೇನಾ ನೀನು?" ಎಂದು ಶುರು ಮಾಡಿದರು. ಅವನು ಗೋಡೆಯ ಅಳತೆಪಟ್ಟಿಯ ಕಡೆ ಕೈ ತೋರಿಸಿದ.

ಆಗ ಸಿಂಚನ ಮುಂದೆ ಬಂದಳು. "ಇಲ್ಲ ಸಾರ್. ಅವ್ರು ಸರಿಯಾಗೇ ನೋಡುದ್ರು. ನಾನೇ ಮಂಡಿ ಬಗ್ಸಿದ್ದೆ."

ನನ್ನ ಕೈಯ ಸುದ್ದಿ ಎತ್ತಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.  ಐವತ್ತೊಂದು ವರ್ಷದ ನಾನು ಒಬ್ಬನ ಕೆಲಸಕ್ಕೆ ಕುತ್ತು ತರುತ್ತಿದ್ದೆ. ಹನ್ನೆರಡು ವರ್ಷದವಳು ನನ್ನನ್ನೂ ಉಳಿಸಿ, ಅವನನ್ನೂ ಉಳಿಸಿದಳು. ಆಮೇಲೆ ಬಾಯಿ ಬಿಟ್ಟೆ. "ಒತ್ತಿದ್ದು ನಾನು, ಅವಳದೇನೂ ತಪ್ಪಿಲ್ಲ" ಎಂದೆ. ಅವಮಾನ ಆಯಿತು. ಆಗಬೇಕಾದ್ದೇ.

ಮೇಲಿನವರು ನಕ್ಕುಬಿಟ್ಟರು. "ಉಳಿದ ದುಡ್ಡು ಕಟ್ಟಿ ಮೇಡಂ, ಬ್ಯಾಂಡ್ ಬದಲಾಯಿಸ್ತಾರೆ. ಇನ್ನೊಂದ್ಸಲ ಅಳೆಯಪ್ಪಾ" ಎಂದರು.

ಸಿಂಚನ ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತೆ. ಯುವಕ ಈ ಸಲ ಹತ್ತಿರ ಬಂದು, ಅವಳ ತಲೆಯ ಮೇಲೆ ಸ್ಕೇಲು ಇಟ್ಟು ನೋಡಿದ.

ನೂರ ಮೂವತ್ತೆಂಟು.

ಭಾಗ್ಯ ನನ್ನನ್ನು ನೋಡಿದಳು, ನಾನು ಭಾಗ್ಯಳನ್ನು ನೋಡಿದೆ. ಯಾರ ಕೈಯೂ ಅವಳ ಮೇಲಿರಲಿಲ್ಲ. ಅವಳ ಜೀವವೆಲ್ಲ ಆ ರೈಡಿನ ಮೇಲಿತ್ತು. ಆದರೂ ಪ್ಯಾಂಟಿನೊಳಗೆ ಮಂಡಿ ಬಗ್ಗಿಕೊಂಡಿತ್ತು. ಅದು ಅವಳಿಗೇ ತಿಳಿದಿರಲಿಲ್ಲ. "ನೂರ ನಲವತ್ತೊಂದೂವರೆ ಇದ್ದೆ ಅಮ್ಮ, ನೀನೇ ಗೀಟು ಎಳೆದಿದ್ದೆ" ಎನ್ನುತ್ತಾ ಈಗ ಅಳುವುದಕ್ಕೆ ಶುರು ಮಾಡಿದಳು. ಬ್ಯಾರನ್ ಬಾಗಿಲಿನ ಮುಂದೆ ಸರಿಯಾಗಿ ನಿಲ್ಲುತ್ತಿದ್ದ ಮಗು, ಟಿಕೆಟ್ ಕೊಡುವವನು ಎದುರು ಬಂದ ಕೂಡಲೇ ಕುಗ್ಗಿಹೋಗುತ್ತಿತ್ತು. ಇದನ್ನು ಕಲಿಸಿದವಳು ನಾನು. 

ಆ ಯುವಕ ಸ್ಕೇಲನ್ನು ಕೆಳಗಿಟ್ಟ. ಗೋಡೆಯ ಪಕ್ಕ ಅವಳ ಮಟ್ಟಕ್ಕೆ ಬಗ್ಗಿ, "ಅಳಬೇಡಮ್ಮ. ಟಿಕೆಟ್ ವಿಷ್ಯ ಮರೆತುಬಿಡು. ಹಿಮ್ಮಡಿ ಗೋಡೆಗೆ ಇಟ್ಟು ನೆಟ್ಟಗೆ ನಿಂತ್ಕೊ. ಯಾರೂ ಏನೂ ಅನ್ನಲ್ಲ" ಎಂದ.

ಅವಳು ಮೂಗು ಒರೆಸಿಕೊಂಡು ನೆಟ್ಟಗೆ ನಿಂತಳು. ನೂರ ನಲವತ್ತೊಂದೂವರೆ. ನೀಲಿ ಬ್ಯಾಂಡು ಕಟ್ಟಿಸಿಕೊಂಡು, ಮತ್ತೆ ಒಂದು ಗಂಟೆ ಸಾಲಿನಲ್ಲಿ ನಿಂತು ಆ ರೈಡು ಹತ್ತಿದಳು. ಇಳಿದು ಬಂದು ಮಾಮೂಲಿನಂತೆ ಹಸಿವಾಗುತ್ತಿದೆ ಎಂದಳು. ನಾನು ಮಾತ್ರ ಆ ಯುವಕನ ಮಾತಿನ ಹತ್ತಿರವೇ ಇನ್ನೂ ನಿಂತಿದ್ದೇನೆ.

'ನೆಟ್ಟಗೆ ನಿಂತ್ಕೊ' ಎಂಬ ಎರಡು ಪದವನ್ನು ಹನ್ನೆರಡು ವರ್ಷದಲ್ಲಿ ನಾವು ಯಾರೂ ಆ ಮಗುವಿಗೆ ಯಾಕೆ ಹೇಳಲಿಲ್ಲ?