ನಮ್ಮ ಮನೆಯ ಪೈಲಟ್

ನಮ್ಮಣ್ಣ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಒಂದು ಕೂದಲೆಳೆ ಹೆಚ್ಚು ಉಜ್ಜಿದರೆ ಗಾಜು ಕಸದ ಬುಟ್ಟಿಗೆ. ಆ ಭಯ ಅವನ ಮೈಗೇ ಅಂಟಿಬಿಟ್ಟಿದೆ, ಚಹಾ ಸೋಸುವಾಗಲೂ ಉಸಿರು ಬಿಗಿಹಿಡಿಯುತ್ತಾನೆ.

ಅತ್ತಿಗೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೆ ಅವಳ ಲೋಕವೆಲ್ಲ ಒಂದು ಮಂಚ, ಒಂದು ಕಿಟಕಿ, ಅದರಾಚೆ ಒಂದು ಖಾಲಿ ಮೈದಾನ. ಅವಳಿಗೆ ನೋಡಲು ಏನಾದರೂ ಇರಲಿ ಎಂದೇ ಅಣ್ಣ ಥರ್ಮಾಕೋಲಿನ ರಿಮೋಟ್ ವಿಮಾನ ಕಟ್ಟಿದ. ಹಳದಿ ಬಣ್ಣ ಆರಿಸಿದ್ದು ಅತ್ತಿಗೆ. ಹಾರಿಸುವ ಮುಂಚೆ ಕೈ ಪಳಗಲಿ ಎಂದು ಪರದೆಯ ಮೇಲೇ ವಿಮಾನ ಹಾರಿಸಿ ಕಲಿಯುವ ಸಿಮ್ಯುಲೇಟರನ್ನು ಕಂಪ್ಯೂಟರಿಗೆ ಹಾಕಿಸಿದ. ಅಲ್ಲೇ ಎಡವಟ್ಟಾಯಿತು.

ಸಿಮ್ಯುಲೇಟರ್ ಸುಳ್ಳಲ್ಲ ಬಿಡಿ. ವಿಮಾನದ ರಿಮೋಟನ್ನೇ ಕಂಪ್ಯೂಟರಿಗೆ ಜೋಡಿಸಿ ಆಡಿಸಬಹುದು. ವಿಮಾನ ನಮ್ಮ ಕಡೆಗೆ ಬರುವಾಗ ಎಡಬಲ ಅದಲುಬದಲಾಗುತ್ತದೆ, ಹೊಸಬರೆಲ್ಲ ಮುಗ್ಗರಿಸುವುದು ಅಲ್ಲೇ. ಅಣ್ಣ ಅದನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತ. ಪರದೆಯಲ್ಲಿ ಬಿರುಗಾಳಿ ಎಬ್ಬಿಸಿಕೊಂಡೂ ನೆಟ್ಟಗೆ ಇಳಿಸುತ್ತಿದ್ದ. ನಾವು ಪೈಲಟ್ ಎಂದು ರೇಗಿಸಿದರೆ ಬೀಗುತ್ತಿದ್ದ. ಆದರೆ ಮೈದಾನ ಎಂದರೆ ಸಾಕು, ಇವತ್ತು ಗಾಳಿ, ನಾಳೆ ಬಿಸಿಲು, ನಾಡಿದ್ದು ನೆಗಡಿ. ವಿಮಾನ ಬೀರುವಿನ ಮೇಲೆ ಧೂಳು ಹಿಡಿಯಿತು. ಅತ್ತಿಗೆ ಕೇಳಿ ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಬೀರುವಿನ ಮೇಲಿಂದ ವಿಮಾನ ಇಳಿಸಿ, ಅಣ್ಣನನ್ನು ಮೈದಾನಕ್ಕೆ ದಬ್ಬಿಕೊಂಡು ಹೋದೆ.

ನಾನು ವಿಮಾನ ಹಿಡಿದು ಓಡಿ ಮೇಲಕ್ಕೆ ಎಸೆದೆ. ಹಾರಿತು, ಚೆನ್ನಾಗಿಯೇ ಹಾರಿತು. ಕಿಟಕಿಯ ಮುಂದೆ ತಿರುಗಿದಾಗ ಅತ್ತಿಗೆ ಸರಳಿನಾಚೆಗೆ ಕೈ ಚಾಚಿದ್ದು ಕಂಡಿತು. ಆಮೇಲೆ ದೂರ ಹೋಗಿ ಚುಕ್ಕೆಯಾಯಿತು. ಸಿಮ್ಯುಲೇಟರಿನಲ್ಲಿ ದೂರದ ವಿಮಾನವನ್ನು ದೊಡ್ಡದು ಮಾಡಿ ತೋರಿಸುವ ಸೌಕರ್ಯವಿತ್ತು, ಅಣ್ಣ ಅದನ್ನು ಒಂದು ದಿನವೂ ಆಫ್ ಮಾಡಿ ಆಡಿರಲಿಲ್ಲ. ಈಗ ಮೂಗು ಯಾವ ಕಡೆ, ಬಾಲ ಯಾವ ಕಡೆ ಎಂದೇ ಅವನಿಗೆ ತಿಳಿಯಲಿಲ್ಲ. ವಿಮಾನ ನೆಲಕ್ಕೆ ಅಪ್ಪಳಿಸಿತು. ಅಣ್ಣ ರಿಮೋಟಿನ ಒಂದು ಸ್ವಿಚ್ಚನ್ನು ಟಕಟಕ ಒತ್ತುತ್ತಲೇ ಇದ್ದ. ಸಿಮ್ಯುಲೇಟರಿನಲ್ಲಿ ಬಿದ್ದ ವಿಮಾನವನ್ನು ಮತ್ತೆ ಎಬ್ಬಿಸಲು ಒತ್ತುತ್ತಿದ್ದ ಸ್ವಿಚ್ಚು ಅದು. ನಗು ಬರಬೇಕಿತ್ತು, ನನಗೆ ಅಳು ಬಂತು.

ಮುರಿದದ್ದು ಒಂದು ರೆಕ್ಕೆ, ಅಂಟು ಹಾಕಿದರೆ ಮುಗಿಯುವ ಕೆಲಸ. ಆದರೆ ಅಣ್ಣ ಇನ್ನು ಅದನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದ. ಕಂಪ್ಯೂಟರನ್ನೇ ಮಂಚದ ಹತ್ತಿರ ತಂದಿಡುತ್ತೇನೆ, ಎಷ್ಟು ಬೇಕಾದರೂ ನೋಡು ಎಂದು ಅತ್ತಿಗೆಗೆ ಹೇಳಿದ.

“ನಾನೂ ಬಿದ್ದವಳೇ ಅಲ್ವಾ?” ಎಂದಳು ಅತ್ತಿಗೆ. “ನನ್ನನ್ನ ದಿನಾ ಎತ್ತಿ ಕೂರಿಸ್ತೀರಿ. ಅದನ್ನೂ ಒಂದ್ಸಲ ಎತ್ತಿ.”

ಅಣ್ಣ ಮೆಲ್ಲಗೆ ಅವಳನ್ನು ಎತ್ತಿ ದಿಂಬಿಗೆ ಒರಗಿಸಿದ. ಕಂಪ್ಯೂಟರ್ ತಂದಿಟ್ಟ. ಪರದೆಯ ಮೇಲೆ ಬಿಸಿಲು ಬೀಳುತ್ತದೆಂದು ಕಿಟಕಿ ಮುಚ್ಚಿದ.